ಜಿ5ಕ್ಕೆ ಕುದುರೆ ಬಂದರೆ ಕಪ್ಪು ಏನು ಮಾಡಬೇಕು?

ಪ್ರಶ್ನೆ: ಚೆಸ್‌ನಲ್ಲಿ ಕಪ್ಪು ಕಾಯಿಯಲ್ಲಿ ಆಡುವಾಗ ನಾಲ್ಕನೇ ನಡೆಗೇ ಬಿಳಿಯ ಕುದುರೆ ಜಿ5ಕ್ಕೆ ಬಂದು ಎಫ್7ರ ಮೇಲೆ ಬೀಳುತ್ತದೆ. ಹತ್ತು ನಡೆಯೊಳಗೆ ಸೋಲುತ್ತೇನೆ. ಪರಿಹಾರವೇನು?

ಉತ್ತರ: ಇದು ಟೂ ನೈಟ್ಸ್ ಡಿಫೆನ್ಸ್ ಎಂಬ ಆರಂಭದ ಆಟ. ಎರಡೂ ಕಡೆ ಇ-ಪಾನ್ ಎರಡು ಮನೆ, ಬಿಳಿ ಕುದುರೆ ಎಫ್3, ಕಪ್ಪು ಕುದುರೆ ಸಿ6, ಬಿಳಿ ಬಿಷಪ್ ಸಿ4, ಕಪ್ಪಿನ ಇನ್ನೊಂದು ಕುದುರೆ ಎಫ್6, ಆಮೇಲೆ ಬಿಳಿ ಕುದುರೆ ಜಿ5. ಈಗ ಎಚ್6 (ಕಾಯಿಯ ಹೆಸರಿಲ್ಲದಿದ್ದರೆ ಅದು ಪಾನ್ ನಡೆ) ಆಡಿ ಓಡಿಸಲು ಹೋಗಬೇಡಿ. ಕುದುರೆ ಎಫ್7 ಹೊಡೆದು ಕ್ವೀನ್, ರೂಕ್ ಎರಡಕ್ಕೂ ಗುರಿ ಇಡುತ್ತದೆ. ಡಿ5 ಆಡಿ ಬಿಷಪ್‌ನ ದಾರಿ ಮುಚ್ಚಿ. ಬಿಳಿ ಆ ಪಾನ್ ಹೊಡೆಯುತ್ತದೆ.

ಬಹುತೇಕರು ಎಡವುವುದು ಇಲ್ಲೇ: ಡಿ5ರ ಪಾನ್ ಬಿಟ್ಟಿ ಸಿಕ್ಕಿತೆಂದು ಕುದುರೆಯಿಂದ ಹೊಡೆಯುತ್ತಾರೆ. ಬಿಳಿ ಕುದುರೆ ಎಫ್7ಕ್ಕೆ ಬೀಳುತ್ತದೆ, ರಾಜ ಹೊಡೆಯಲೇಬೇಕು, ಕ್ವೀನ್ ಎಫ್3ರಿಂದ ಚೆಕ್. ಡಿ5ರ ಕುದುರೆ ಉಳಿಸಲು ರಾಜ ಇ6ಕ್ಕೆ, ಅಂದರೆ ನಡುಬೀದಿಗೆ ಬರಬೇಕು. ಜಿ8ಕ್ಕೆ ಓಡಿದರೆ ಬಿಷಪ್ ಡಿ5 ಹೊಡೆದು ಮತ್ತೆ ಚೆಕ್. ಕ್ವೀನ್ ಕೊಡಬೇಕು, ಇಲ್ಲವೇ ಮೇಟ್. ಇ6ರಲ್ಲಿ ನಿಂತರೂ ಸಿ3ಕ್ಕೆ ಬಂದ ಬಿಳಿ ಕುದುರೆ ಡಿ5ರ ಮೇಲೆ ಮೂರನೇ ದಾಳಿ ತರುತ್ತದೆ. ಇದೇ ಫ್ರೈಡ್ ಲಿವರ್ ಎಂಬ ದಾಳಿ. ಕಾಗದದ ಮೇಲೆ ಕಪ್ಪಿಗೆ ಒಂದು ಕಾಯಿ ಹೆಚ್ಚು, ಆದರೆ ಗಡಿಯಾರ ಓಡುತ್ತಿರುವಾಗ ಈ ರಾಜನನ್ನು ಕಾಯುವುದು ಕಷ್ಟ.

ಸರಿಯಾದ ಐದನೇ ನಡೆ, ಸಿ6ರ ಕುದುರೆ ಎ5ಕ್ಕೆ. ಪಾನ್‌ನ ಬಾಯಿಂದ ತಪ್ಪಿಸಿಕೊಂಡು ಬಿಷಪ್‌ಗೇ ಗುರಿ. ಬಿಷಪ್ ಬಿ5ರಿಂದ ಚೆಕ್ ಕೊಟ್ಟರೆ ಸಿ6. ಬಿಳಿ ಹೊಡೆಯುತ್ತದೆ, ನೀವು ಬಿ-ಪಾನ್‌ನಿಂದ ಹೊಡೆಯಿರಿ. ಬಿಷಪ್ ಇ2ಕ್ಕೆ ಸರಿದ ಮೇಲೆ ಎಚ್6 ಆಡುವ ಕಾಲ. ಕುದುರೆ ಎಫ್3ಕ್ಕೆ ಹೋದರೆ ಇ4, ಅಲ್ಲಿಂದ ಇ5ಕ್ಕೆ ಹಾರಿದರೆ ಬಿಷಪ್ ಡಿ6. ಒಂದು ಪಾನ್ ಕಡಿಮೆ, ಸರಿ. ಬದಲಿಗೆ ಬಿಳಿಯ ಒಂದೇ ಕುದುರೆ ಅಲೆಯುತ್ತಿರುವಾಗ ನಿಮ್ಮ ಕಾಯಿಗಳೆಲ್ಲ ಹೊರಬರುತ್ತವೆ. ಆ ಪಾನ್ ಮರಳಿ ಪಡೆಯುವ ಆತುರ ಬೇಡ.

ಎಚ್6 ಆದ ಮೇಲೆ ಕುದುರೆ ಎಚ್3ಕ್ಕೂ ಹೋಗಬಹುದು. ವಿಚಿತ್ರವಾಗಿ ಕಂಡರೂ ಕೆಟ್ಟ ನಡೆಯಲ್ಲ: ಮೊದಲ ವಿಶ್ವ ಚಾಂಪಿಯನ್ ಸ್ಟೈನಿಟ್ಜ್ ಆಡುತ್ತಿದ್ದ ಇದನ್ನು ಮುಂದೆ ವಿಶ್ವ ಚಾಂಪಿಯನ್ ಆದ ಬಾಬಿ ಫಿಷರ್ 1963ರಲ್ಲಿ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಬಿಸ್ಗೈರ್ ವಿರುದ್ಧ ಆಡಿ ಗೆದ್ದರು.

ಇಷ್ಟೆಲ್ಲ ನೆನಪಿಡುವುದು ಬೇಡವೆಂದರೆ ಮೂರನೇ ನಡೆಗೆ ಎಫ್6ರ ಕುದುರೆಯ ಬದಲು ಬಿಷಪ್ ಸಿ5 ಆಡಿ. ಡಿ8ರ ಕ್ವೀನ್‌ಗೆ ಜಿ5ರವರೆಗೆ ದಾರಿ ತೆರೆದಿರುವುದರಿಂದ ಅಲ್ಲಿಗೆ ಬಂದ ಕುದುರೆ ಸುಮ್ಮನೆ ಹೋಗುತ್ತದೆ. ಎಫ್6ಕ್ಕೆ ನಿಮ್ಮ ಕುದುರೆ ಬಂದ ಮೇಲೆ ಬಿಳಿ ಕುದುರೆ ಜಿ5ಕ್ಕೆ ಬಂದರೂ ಕ್ಯಾಸಲಿಂಗ್ ಮಾಡಿದರಾಯಿತು, ಎಫ್7ಕ್ಕೆ ರೂಕ್ ಕಾವಲಿರುತ್ತದೆ.