ಪೊರೆ ಆಪರೇಷನ್: ಲೆನ್ಸ್‌ಗೆ ಎಷ್ಟು ದುಡ್ಡು ಹಾಕಬೇಕು?

ಪೊರೆ ಆಪರೇಷನ್ ಎಂದು ತೀರ್ಮಾನವಾದ ಕೂಡಲೇ ಲೆನ್ಸ್‌ಗಳ ದರಪಟ್ಟಿ ಕೈಗೆ ಬರುತ್ತದೆ. ಕಣ್ಣು ಅದೇ, ವೈದ್ಯರೂ ಅವರೇ. ಲೆನ್ಸ್ ಬದಲಾದಂತೆ ದರ ಮಾತ್ರ ಹಲವು ಪಟ್ಟು ಏರುತ್ತದೆ. ‘ದುಬಾರಿಯದ್ದು ಹಾಕಿಸಿದರೆ ಚೆನ್ನಾಗಿ ಕಾಣುತ್ತಾ ಡಾಕ್ಟ್ರೇ?’ ಎಂದು ಮನೆಯವರು ಕೇಳುತ್ತಾರೆ. ಕಣ್ಣಿನ ಹಿಂಬದಿಯ ಪರದೆ ರೆಟಿನಾ, ಮುಂಬದಿಯ ಪಾರದರ್ಶಕ ಪದರ ಕಾರ್ನಿಯಾ ಚೆನ್ನಾಗಿದ್ದರೆ, ಒಂದೇ ದೂರಕ್ಕೆ ಹೊಂದಿಸಿದ ಸಾಧಾರಣ ಮಾನೋಫೋಕಲ್ ಲೆನ್ಸ್ ಕೂಡ ದೂರದ್ದನ್ನು ಅಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ. ಹೆಚ್ಚುವರಿ ಹಣದಿಂದ ಸಿಗುವುದು ಬಹುಮಟ್ಟಿಗೆ ಕನ್ನಡಕದ ಹಂಗು ತಪ್ಪುವ ಅನುಕೂಲ.

1949ರಲ್ಲಿ ಲಂಡನ್ನಿನ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಕೂರಿಸಿದ್ದು ಪಿಎಂಎಂಎ ಎಂಬ ಗಟ್ಟಿ ಪ್ಲಾಸ್ಟಿಕ್ ಲೆನ್ಸ್. 1992ರಲ್ಲಿ ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯ ತಯಾರಿಕಾ ಘಟಕ ಆರೋಲ್ಯಾಬ್ ಲೆನ್ಸ್ ತಯಾರಿಸತೊಡಗಿದ ಮೇಲೆ ಅದು ನಮ್ಮ ಬಡವರ ಕೈಗೂ ಎಟುಕಿತು. ಗಟ್ಟಿ ಲೆನ್ಸ್‌ಗೆ ಸುಮಾರು 6 ಮಿ.ಮೀ. ಗಾಯ ಬೇಕು, ಮಡಚುವ ಲೆನ್ಸ್‌ಗೆ 2.2ರಿಂದ 2.8 ಸಾಕು. ಗಾಯ ಚಿಕ್ಕದಾದಷ್ಟೂ ಬೇಗ ಮಾಯುತ್ತದೆ, ಹೊಸದಾಗಿ ಸೇರಿಕೊಳ್ಳುವ ಸಿಲಿಂಡರ್ ಪವರ್ (ಕಾರ್ನಿಯಾದ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇರದ ದೋಷ) ಕಡಿಮೆ. ಕೈಲಾಗುವವರು ಇಷ್ಟಕ್ಕೆ ಹಣ ಕೊಡುವುದು ಸಾರ್ಥಕ. ಆಗದವರು ಉಚಿತ ಶಿಬಿರದಲ್ಲಿ ಗಟ್ಟಿ ಲೆನ್ಸ್ ಹಾಕಿಸಿಕೊಂಡರೆ ಕಣ್ಣಿಗೆ ಮೋಸವಾಯಿತು ಎಂದು ಕೊರಗಬೇಕಿಲ್ಲ.

ಲೆನ್ಸ್‌ನ ಬ್ರ್ಯಾಂಡಿಗಿಂತ ಮೊದಲು ವಿಚಾರಿಸಬೇಕಾದದ್ದು ಅಳತೆ. ಕಣ್ಣುಗುಡ್ಡೆಯ ಉದ್ದ 1 ಮಿ.ಮೀ. ತಪ್ಪಾಗಿ ಅಳೆದರೆ ಪವರ್ ಹೆಚ್ಚುಕಡಿಮೆ ಎರಡೂವರೆಯಿಂದ ಮೂರು ಡಯಾಪ್ಟರ್ (ಲೆನ್ಸ್ ಪವರಿನ ಅಳತೆಮಾನ) ತಪ್ಪುತ್ತದೆ. ಶಬ್ದತರಂಗದಿಂದ ಉದ್ದ ಅಳೆಯುವ ಎ-ಸ್ಕ್ಯಾನ್ ಕಡ್ಡಿಯನ್ನು ಕಾರ್ನಿಯಾಕ್ಕೆ ತುಸು ಒತ್ತಿದರೂ ಸಾಕು, ಕಣ್ಣು ಗಿಡ್ಡ ಎಂದು ತೋರಿಸುತ್ತದೆ. ಆಗ ಹೆಚ್ಚು ಪವರಿನ ಲೆನ್ಸ್ ಒಳಗೆ ಹೋಗಿ, ಆಪರೇಷನ್ ಆದ ಮೇಲೆ ಮೈನಸ್ ಕನ್ನಡಕ ಗಂಟುಬೀಳುತ್ತದೆ. ಕಣ್ಣಿಗೆ ತಾಗದೆ ಬೆಳಕಿನಿಂದ ಅಳೆಯುವ ಆಪ್ಟಿಕಲ್ ಬಯೋಮೆಟ್ರಿಯಲ್ಲಿ ಈ ತೊಂದರೆ ಇಲ್ಲ. ಆದರೆ ಪೊರೆ ತೀರಾ ಬಲಿತಿದ್ದರೆ ಬೆಳಕು ಹಾಯುವುದಿಲ್ಲ, ಎ-ಸ್ಕ್ಯಾನೇ ಗತಿ. ಕಣ್ಣು ಒಣಗಿದ್ದರೆ ಕಾರ್ನಿಯಾದ ಬಾಗಿನ ಅಳತೆ ಪ್ರತಿ ಸಲ ಒಂದೊಂದು ಥರ ಬರುತ್ತದೆ. ಹನಿ ಹಾಕಿ ಸರಿಮಾಡಿಕೊಂಡು ಮತ್ತೆ ಅಳೆಯಬೇಕು. ಕನ್ನಡಕ ಬಿಡಲು ಲೇಸಿಕ್ ಲೇಸರ್ ಚಿಕಿತ್ಸೆ ಮಾಡಿಸಿಕೊಂಡವರು ಅದನ್ನು ಹೇಳದೆ ಬಿಡಬಾರದು: ಅವರಿಗೆ ಮಾಮೂಲಿ ಲೆಕ್ಕ ಸರಿಹೋಗುವುದಿಲ್ಲ, ಬೇರೆ ಸೂತ್ರ ಬೇಕು. ಅಳತೆ ಕೆಟ್ಟರೆ ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಹಣ ನೀರುಪಾಲು.

ಕಾರ್ನಿಯಾದಲ್ಲೇ ಒಂದು, ಒಂದೂವರೆ ಡಯಾಪ್ಟರಿಗಿಂತ ಹೆಚ್ಚು ಸಿಲಿಂಡರ್ ಇದ್ದವರಿಗೆ, ಅದನ್ನೂ ಸರಿಪಡಿಸುವ ಟೋರಿಕ್ ಲೆನ್ಸ್‌ಗೆ ಕೊಡುವ ಹಣ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದು ನಿಗದಿತ ಕೋನದಲ್ಲೇ ಕೂರಬೇಕು. ಒಂದು ಡಿಗ್ರಿ ತಿರುಗಿದರೆ ಸುಮಾರು ಶೇ. 3.3ರಷ್ಟು ಪರಿಣಾಮ ಕಡಿಮೆ, 30 ಡಿಗ್ರಿ ತಿರುಗಿದರೆ ಪೂರ್ತಿ ವ್ಯರ್ಥ. ಮಲಗಿದಾಗ ಕಣ್ಣು ಕೊಂಚ ಹೊರಳುವುದರಿಂದ, ರೋಗಿ ಕುಳಿತಿರುವಾಗಲೇ ಗುರುತು ಹಾಕಿಕೊಳ್ಳುತ್ತಾರೆ.

ಮಲ್ಟಿಫೋಕಲ್, ಟ್ರೈಫೋಕಲ್ ವಿಚಾರದಲ್ಲಿ ಅವಸರ ಬೇಡ. ಒಳಬಂದ ಬೆಳಕನ್ನು ಇವು ದೂರಕ್ಕೆ, ಹತ್ತಿರಕ್ಕೆ ಎಂದು ಹಂಚುತ್ತವೆ. ಓದಲು ಕನ್ನಡಕ ಬೇಡವಾಗಬಹುದು, ಆದರೆ ಮಬ್ಬು ಬೆಳಕಿನಲ್ಲಿ ನೋಟ ಕಳೆಗುಂದುತ್ತದೆ, ರಾತ್ರಿ ದೀಪಗಳ ಸುತ್ತ ಬಳೆ ಕಾಣುತ್ತದೆ. ರಾತ್ರಿ ಲಾರಿ, ಬಸ್ಸು ಓಡಿಸುವವರಿಗೆ ಇದನ್ನು ಹಾಕಬಾರದು ಎಂದೇ ನಮ್ಮ ಅಭಿಪ್ರಾಯ. ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟಿದ್ದರೆ, ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಸವೆದಿದ್ದರೆ, ಕಣ್ಣಿನ ನರ ಕೆಡಿಸುವ ಗ್ಲಾಕೋಮಾ ಮುಂದುವರಿದಿದ್ದರೆ ಕೂಡ ಬೇಡ. ಮ್ಯಾಕ್ಯುಲಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ನೋಡದೆ ಒಪ್ಪಿಕೊಳ್ಳಬೇಡಿ. ಮಾನೋಫೋಕಲ್‌ನಲ್ಲೇ ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಮೈನಸ್ ಒಂದರ ಆಸುಪಾಸಿಗೆ ಇಡುವ ಮೋನೋವಿಷನ್ ಕ್ರಮವೂ ಇದೆ. ಹೆಚ್ಚುವರಿ ಲೆನ್ಸ್ ಖರ್ಚಿಲ್ಲದೆ ಬೆಲೆಚೀಟಿ, ಮೊಬೈಲ್ ಓದುವಷ್ಟು ಅನುಕೂಲವಾಗುತ್ತದೆ.

‘ಲೆನ್ಸಿಗೇ ಮತ್ತೆ ಪೊರೆ ಬಂತು’ ಎಂದು ಕೆಲವರು ವಾಪಸ್ ಬರುತ್ತಾರೆ. ಮಂಜಾಗಿರುವುದು ಲೆನ್ಸಲ್ಲ, ಅದರ ಹಿಂದಿನ ತೆಳುಪದರ. ಅಂಚು ಚೂಪಾಗಿರುವ ಲೆನ್ಸ್‌ಗಳಲ್ಲಿ ಇದು ಕಡಿಮೆ. ಬಂದರೂ ಯಾಗ್ ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ ಸರಿಮಾಡಬಹುದು.

ಬಹಳಷ್ಟು ವಿಮಾ ಪಾಲಿಸಿಗಳಲ್ಲಿ ಪೊರೆಗೆ ಕಣ್ಣಿಗಿಷ್ಟು ಎಂಬ ಮಿತಿ ಇರುತ್ತದೆ, ಮೇಲಿನದ್ದು ಕೈಯಿಂದಲೇ. ಮುಂಗಡ ಕಟ್ಟುವ ಮುನ್ನ ಲಿಖಿತವಾಗಿ ಕೇಳಿ. ಆಪರೇಷನ್ ಬಳಿಕ ಲೆನ್ಸ್‌ನ ಮಾಡೆಲ್, ಪವರ್, ಸೀರಿಯಲ್ ನಂಬರ್ ಇರುವ ಸ್ಟಿಕರ್ ಅನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿಕೊಂಡು ಜೋಪಾನ ಮಾಡಿ. ಮುಂದೆ ಕಾರ್ನಿಯಾ ಅಥವಾ ರೆಟಿನಾ ಆಪರೇಷನ್‌ನಲ್ಲಿ ಕಣ್ಣಿನೊಳಗೆ ಗ್ಯಾಸ್ ತುಂಬಬೇಕಾಗಿ ಬಂದರೆ, ಹೈಡ್ರೋಫಿಲಿಕ್ (ನೀರು ಹೀರುವ ವಸ್ತುವಿನ) ಲೆನ್ಸ್‌ನಲ್ಲಿ ಸುಣ್ಣ ಕಟ್ಟುವ ಅಪಾಯವಿದೆ. ಒಳಗಿರುವುದು ಯಾವ ಲೆನ್ಸ್ ಎಂದು ಆ ವೈದ್ಯರಿಗೆ ತಿಳಿಯುವುದು ಈ ಸ್ಟಿಕರ್‌ನಿಂದಲೇ.