ಎಣ್ಣೆಯ ಲೆಕ್ಕಕ್ಕೆ ಸಿಕ್ಕ ತಿಮಿಂಗಿಲ: ಒಂದು ಒಪ್ಪಂದದ ಹಿನ್ನೆಲೆ

ತಿಮಿಂಗಿಲ ಬೇಟೆಯನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1946ರ ಡಿಸೆಂಬರ್ 2ರಂದು ವಾಷಿಂಗ್ಟನ್‌ನಲ್ಲಿ ಸಹಿ ಬಿತ್ತು. ತಿಮಿಂಗಿಲಗಳ ಸಂತತಿಯನ್ನು ಕಾಪಾಡುವುದು, ಆ ಮೂಲಕ ಬೇಟೆ ಉದ್ಯಮದ ಕ್ರಮಬದ್ಧ ಬೆಳವಣಿಗೆಗೆ ದಾರಿ ಮಾಡಿಕೊಡುವುದು ತನ್ನ ಗುರಿಯೆಂದು ಅದರ ಪೀಠಿಕೆ ಹೇಳುತ್ತದೆ. ಮುಂದಿನ ಅನಾಹುತಗಳ ಬೇರು ಈ ಎರಡನೆಯ ಮಾತಿನಲ್ಲೇ ಇತ್ತೆಂಬುದು ನನ್ನ ಅಭಿಪ್ರಾಯ.

ಸ್ಪೇನ್ ಮತ್ತು ಫ್ರಾನ್ಸ್ ತೀರದ ಬಿಸ್ಕೆ ಕೊಲ್ಲಿಯಲ್ಲಿ ಅಲ್ಲಿನ ಬಾಸ್ಕ್ ಜನರು ಮಧ್ಯಯುಗದಿಂದಲೂ ತಿಮಿಂಗಿಲ ಬೇಟೆಯನ್ನು ವ್ಯಾಪಾರವಾಗಿ ನಡೆಸುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಅವರು ಕೆನಡಾದ ಲ್ಯಾಬ್ರಡಾರ್ ತೀರದವರೆಗೂ ಹೋಗಿದ್ದರು. ಆದರೆ ಹುಟ್ಟು ಹಾಕುವ ದೋಣಿ, ಕೈಯಿಂದ ಎಸೆಯುವ ಈಟಿಗಳಿಗೆ ವೇಗವಾಗಿ ಈಜುವ ನೀಲಿ ತಿಮಿಂಗಿಲ ಸಿಕ್ಕುತ್ತಿರಲಿಲ್ಲ. ನಾರ್ವೆಯ ಸ್ವೆಂಡ್ ಫೊಯ್ನ್ 1870ರ ಸುಮಾರಿಗೆ ಹಬೆ ಹಡಗಿನ ಮೇಲೆ ಸಿಡಿಗುಂಡಿನ ಈಟಿ ಹಾರಿಸುವ ಫಿರಂಗಿಯನ್ನು ಕೂರಿಸಿದ ಮೇಲೆ ಅದಕ್ಕೂ ಉಳಿಗಾಲವಿಲ್ಲದಾಯಿತು. 1925ರಲ್ಲಿ ಇಡೀ ತಿಮಿಂಗಿಲವನ್ನು ಹಿಂಬದಿಯ ಇಳಿಜಾರಿನಿಂದ ಮೇಲಕ್ಕೆಳೆದು ಸಮುದ್ರದಲ್ಲೇ ಎಣ್ಣೆ ತೆಗೆಯುವ ಕಾರ್ಖಾನೆ ಹಡಗು ಬಂತು. ಆ ಎಣ್ಣೆ ಮಾರ್ಗರೀನ್ (ಬೆಣ್ಣೆಗೆ ಬದಲಾಗಿ ಬಳಸುವ ಜಿಡ್ಡು) ಮತ್ತು ಸಾಬೂನಿಗೆ ಹೋಗುತ್ತಿತ್ತು. 1930–31ರ ಒಂದೇ ಹಂಗಾಮಿನಲ್ಲಿ ಅಂಟಾರ್ಕ್ಟಿಕ್ ಸಾಗರದಲ್ಲಿ 29 ಸಾವಿರಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳು ಸತ್ತವು. ಎಣ್ಣೆ ಅತಿಯಾಗಿ ಬೆಲೆ ಕುಸಿಯಿತು. ಬೇಟೆಗೆ ಮಿತಿ ಹಾಕಿಕೊಳ್ಳಲು ಕಂಪನಿಗಳು ಮುಂದಾದದ್ದು ಆಗಲೇ.

ಆ ಮಿತಿಯನ್ನು ಅಳೆಯಲು ಬಳಸಿದ್ದು ನೀಲಿ ತಿಮಿಂಗಿಲದ ಮಾನ. ಒಂದು ನೀಲಿ ತಿಮಿಂಗಿಲವೆಂದರೆ ಎರಡು ಫಿನ್, ಎರಡೂವರೆ ಹಂಪ್‌ಬ್ಯಾಕ್ ಅಥವಾ ಆರು ಸೇ ತಿಮಿಂಗಿಲ. ಸಿಗುವ ಎಣ್ಣೆಯೇ ಇಲ್ಲಿ ಅಳತೆಗೋಲು. 1946ರ ಒಪ್ಪಂದವೂ ಇದನ್ನೇ ಮುಂದುವರಿಸಿ, ಅಂಟಾರ್ಕ್ಟಿಕ್ ಬೇಟೆಗೆ ವರ್ಷಕ್ಕೆ 16,000 ಮಾನಗಳ ಮಿತಿಯಿಟ್ಟಿತು. ಮೊದಮೊದಲು ಈ ಮಿತಿಯನ್ನು ದೇಶಗಳಿಗೆ ಹಂಚಿರಲಿಲ್ಲ. ಹಡಗುಗಳು ಕಳಿಸಿದ ವಾರದ ಲೆಕ್ಕಗಳನ್ನು ನಾರ್ವೆಯ ಸಾಂಡೆಫ್ಯೋರ್ಡ್‌ನಲ್ಲಿದ್ದ ಕಚೇರಿ ಕೂಡುತ್ತಿತ್ತು; ಮಿತಿ ಮುಟ್ಟುವ ದಿನವನ್ನು ಅಂದಾಜಿಸಿ ಹಂಗಾಮು ಮುಗಿಯಿತೆಂದು ಸಾರುತ್ತಿತ್ತು. ಅಷ್ಟರೊಳಗೆ ಬಾಚಿಕೊಂಡವರಿಗೆ ಬಾಚಿಕೊಂಡಷ್ಟು. ನೀಲಿ ತಿಮಿಂಗಿಲಕ್ಕೆ ಪ್ರತ್ಯೇಕ ಮಿತಿ ಇಲ್ಲದ್ದರಿಂದ, ಫಿನ್ ತಿಮಿಂಗಿಲಗಳನ್ನು ಹುಡುಕುತ್ತ ಹೊರಟವರಿಗೆ ಅಪರೂಪಕ್ಕೆ ನೀಲಿ ತಿಮಿಂಗಿಲ ಎದುರಾದರೆ ಅದನ್ನು ಬಿಟ್ಟುಬಿಡಲು ಯಾವ ಕಾರಣವೂ ಇರಲಿಲ್ಲ. ಒಂದು ಜಾತಿ ಅಳಿವಿನಂಚಿಗೆ ಬಂದ ಸಂಗತಿ ಒಟ್ಟು ಲೆಕ್ಕದಲ್ಲಿ ಕಾಣುತ್ತಲೇ ಇರಲಿಲ್ಲ. ಈ ಮಾನವನ್ನು ಕೈಬಿಟ್ಟದ್ದು 1972ರಲ್ಲಿ.

ಲೆಕ್ಕವೇ ಸುಳ್ಳಾದಾಗ ಏನಾಗುತ್ತದೆಂಬುದಕ್ಕೆ ಸಾಕ್ಷಿ ನಮ್ಮ ಅರಬ್ಬೀ ಸಮುದ್ರದಲ್ಲೇ ಇದೆ. 1966ರಲ್ಲಿ ಸೋವಿಯತ್ ಹಡಗುಗಳು ಓಮನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕಡಲಿನಲ್ಲಿ 240ರಷ್ಟು ಹಂಪ್‌ಬ್ಯಾಕ್‌ಗಳನ್ನು ಗುಟ್ಟಾಗಿ ಕೊಂದವು. ಸಂಗತಿ ಹೊರಬಿದ್ದದ್ದು ಸೋವಿಯತ್ ಒಕ್ಕೂಟ ಒಡೆದ ಮೇಲೆ, 1990ರ ದಶಕದಲ್ಲಿ. ಬೇರೆಡೆಯ ಹಂಪ್‌ಬ್ಯಾಕ್‌ಗಳಂತೆ ಧ್ರುವದತ್ತ ವಲಸೆ ಹೋಗದೆ ಇಲ್ಲೇ ಬದುಕುವ ಈ ಬಳಗದಲ್ಲಿ ಓಮನ್ ಬಳಿ ಈಗ ಉಳಿದಿರುವುದು ನೂರಕ್ಕಿಂತ ಕಡಿಮೆ ಎಂಬ ಅಂದಾಜಿದೆ.

1982ರಲ್ಲಿ, ಈ ಒಪ್ಪಂದದಡಿ ರಚನೆಯಾದ ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ 25–7 ಮತಗಳಿಂದ ವಾಣಿಜ್ಯ ಬೇಟೆಯನ್ನು ತಡೆಹಿಡಿಯಿತು. ಆಗಲೂ ಒಪ್ಪಂದದ ಪೀಠಿಕೆ ಬದಲಾಗಲಿಲ್ಲ. ಅನುಬಂಧದಲ್ಲಿದ್ದ ಬೇಟೆಯ ಮಿತಿಯನ್ನು ಸೊನ್ನೆ ಮಾಡಲಾಯಿತು, ಅಷ್ಟೇ. ವೈಜ್ಞಾನಿಕ ಸಂಶೋಧನೆಗೆಂದು ದೇಶಗಳು ತಾವೇ ಪರವಾನಗಿ ಕೊಟ್ಟುಕೊಳ್ಳುವ ಎಂಟನೆಯ ವಿಧಿಯೂ ಹಾಗೆಯೇ ಉಳಿಯಿತು. ಜಪಾನ್ ದಶಕಗಳ ಕಾಲ ಅದನ್ನೇ ಬಳಸಿಕೊಂಡಿತು; ಅದರ ಅಂಟಾರ್ಕ್ಟಿಕ್ ಕಾರ್ಯಕ್ರಮ ಆ ವಿಧಿಗೆ ಹೊಂದುವುದಿಲ್ಲವೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಸೊನ್ನೆಯನ್ನು ಬದಲಿಸಲು ಮುಕ್ಕಾಲು ಪಾಲು ಮತಗಳು ಬೇಕು. 2018ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಸಭೆಯಲ್ಲಿ ವಾಣಿಜ್ಯ ಬೇಟೆಗೆ ದಾರಿ ತೆರೆಯಲು ಜಪಾನ್ ಮಂಡಿಸಿದ ಪ್ರಸ್ತಾವ 27ಕ್ಕೆ 41 ಮತಗಳಿಂದ ಬಿದ್ದುಹೋಯಿತು. ಮರುವರ್ಷ ಜೂನ್ 30ರಂದು ಅದು ಆಯೋಗವನ್ನೇ ತೊರೆದು, ಮಾರನೆಯ ದಿನ ತನ್ನ ಕಡಲಿನಲ್ಲಿ ಬೇಟೆ ಆರಂಭಿಸಿತು.