ಹಸಿಮಡಕೆಗೆ ಬಣ್ಣದ ಮಣ್ಣು ಯಾವಾಗ ಬಳಿಯಬೇಕು?

ಚಿತ್ರದುರ್ಗದ ಕೋಟೆ ನೋಡಲು ಬಂದವರು ಚಂದ್ರವಳ್ಳಿಗೂ ಹೋದರೆ ಸಾಮಾನ್ಯವಾಗಿ ಕೆರೆ, ಅಂಕಲಿ ಮಠದ ಗುಹೆ ನೋಡಿ ವಾಪಸ್ ಬರುತ್ತಾರೆ. ಅಲ್ಲಿ ಮಣ್ಣಿನ ಕೆಳಗೆ ಸಾತವಾಹನರ ಕಾಲದ ಒಂದು ಊರೇ ಇತ್ತು. ಪುರಾತತ್ವಜ್ಞರಾದ ಎಂ. ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದರು. ವೀಲರ್ ಅದೇ ವರ್ಷ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅಗೆಸಿದರು. ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಅದಕ್ಕಿಂತ ಮಡಕೆ ಚೂರುಗಳೇ ಇಷ್ಟ.

ಎರಡೂ ಕಡೆ ಸಿಕ್ಕ ಒಂದು ಬಗೆಯ ಚೂರಿನ ಮೇಲೆ ಬಿಳಿ ಗೆರೆಗಳ ಚಿತ್ತಾರ ಇದೆ. ಸುಣ್ಣದಿಂದಲೋ ಬಿಳಿ ಜೇಡಿಯಿಂದಲೋ ಎಳೆದ ನೇರ ಗೆರೆ, ಅಡ್ಡಗೆರೆ. ಅದರ ಮೇಲೆ ತೆಳ್ಳಗೆ ಕಾವಿ ನೀರು ಬಳಿದಿದ್ದಾರೆ. ಹಾಗಾಗಿ ಬಿಳಿ ಗೆರೆ ಕಾವಿಯ ಒಳಗಿಂದ ಹಳದಿಯಾಗಿ ಇಣುಕುತ್ತದೆ. ಗೆರೆ ಮೊದಲು, ಕಾವಿ ಆಮೇಲೆ, ಬೆಂಕಿ ಕೊನೆಗೆ. ಇದೇ ಕ್ರಮ ಏಕೆ? ಮಡಕೆ ಸುಟ್ಟು ತಣ್ಣಗಾದ ಮೇಲೆ ನಿಧಾನವಾಗಿ ಬಳಿಯಬಹುದಿತ್ತು, ಅಲ್ವಾ?

ಬಳಿಯಬಹುದಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಬಳಿದದ್ದು ಪೇಂಟ್ ಅಲ್ಲ, ಮಣ್ಣೇ. ನುಣ್ಣನೆಯ ಜೇಡಿಯನ್ನು ನೀರಲ್ಲಿ ಕದಡಿ, ಮರಳು ತಳಕ್ಕೆ ಇಳಿದ ಮೇಲೆ ಮೇಲಿನ ಬಗ್ಗಡವನ್ನಷ್ಟೇ ಬಸಿದುಕೊಂಡರೆ ಈ ಲೇಪ ಸಿಗುತ್ತದೆ. ಸ್ಟುಡಿಯೋಗಳಲ್ಲಿ ಇದಕ್ಕೆ ಸ್ಲಿಪ್ ಅನ್ನುತ್ತಾರೆ. ಜೇಡಿಯ ಕಣ ತೆಳ್ಳನೆಯ ಹಾಳೆಯಂತಿರುತ್ತದೆ, ಅಗಲ ಸಾಮಾನ್ಯವಾಗಿ ಒಂದು ಮಿಲಿಮೀಟರಿನ 500ನೇ ಒಂದು ಭಾಗಕ್ಕಿಂತ ಕಡಿಮೆ. ಹಸಿಮಣ್ಣಿನಲ್ಲಿ ಈ ಹಾಳೆಗಳ ನಡುವೆ ನೀರಿನ ಪದರ ಇರುತ್ತದೆ. ನೀರು ಆರಿದಂತೆ ಹಾಳೆಗಳು ಹತ್ತಿರ ಸರಿಯುತ್ತವೆ, ಮಡಕೆ ಕುಗ್ಗುತ್ತದೆ. ಒಣಗುವಾಗಲೇ ಸುಮಾರು ನೂರಕ್ಕೆ 5ರಿಂದ 8ರಷ್ಟು ಕುಗ್ಗುವುದು ಮಾಮೂಲು.

ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಕೆರೆಯಂಗಳ ನೋಡಿ. ಮೇಲ್ಪದರ ಒಣಗಿ ಕುಗ್ಗುತ್ತದೆ, ಕೆಳಗಿನ ಮಣ್ಣು ಅಷ್ಟು ಕುಗ್ಗುವುದಿಲ್ಲ. ಮೇಲಿನದು ಬಿರುಕು ಬಿಟ್ಟು, ಅಂಚು ಮೇಲೆದ್ದು, ಬಿಲ್ಲೆ ಬಿಲ್ಲೆಯಾಗಿ ಕಳಚಿಕೊಳ್ಳುತ್ತದೆ. ಪೂರ್ತಿ ಒಣಗಿದ ಮಡಕೆಗೆ ಲೇಪ ಬಳಿದರೆ ಆಗುವುದೂ ಇದೇ. ಮಡಕೆ ತನ್ನ ಪಾಲಿನ ಕುಗ್ಗುವಿಕೆ ಮುಗಿಸಿ ಕೂತಿದೆ. ಲೇಪ ಈಗ ಶುರು ಮಾಡುತ್ತದೆ. ಜೊತೆಗೆ ಇನ್ನೊಂದು ತೊಂದರೆ. ಒಣಮಣ್ಣು ಲೇಪದ ನೀರನ್ನು ಗಟಗಟ ಕುಡಿದು ಅಲ್ಲಲ್ಲಿ ಉಬ್ಬುತ್ತದೆ. ತೆಳ್ಳಗಿರುವ ಕಂಠದ ಹತ್ತಿರ ಸೀಳು ಬಿಡುವುದು ಅದಕ್ಕೇ. ಒಣಗಿದ ಮೇಲೆ ಬಳಿಯಲೇಬಾರದು ಅಂತಲ್ಲ. ಬಹಳ ತೆಳುವಾಗಿ, ಒಂದೇ ಕೈ ಬಳಿದರೆ ನಿಲ್ಲುತ್ತದೆ.

ಇನ್ನು ತಿಗರಿಯಿಂದ ಆಗಷ್ಟೇ ಇಳಿಸಿದ ಮಡಕೆ. ಅದು ಮೊದಲೇ ಮೆತ್ತಗೆ, ಮೇಲೆ ನೀರು ಸುರಿದರೆ ಕುಸಿಯುತ್ತದೆ. ಅಗಲ ತಟ್ಟೆಯಾದರೆ ಪರವಾಗಿಲ್ಲ.

ಸರಿಯಾದ ಹದ ಇವೆರಡರ ನಡುವೆ ಇದೆ. ಬೆರಳಲ್ಲಿ ಒತ್ತಿದರೆ ತಗ್ಗು ಬೀಳಬಾರದು, ಉಗುರು ಒತ್ತಿದರೆ ಗುರುತು ಮೂಡಬೇಕು. ಕೆನ್ನೆಗೆ ತಾಗಿಸಿದರೆ ತಣ್ಣಗಿರಬೇಕು. ತಣ್ಣಗಿದೆ ಅಂದರೆ ಒಳಗಿನ ನೀರು ಇನ್ನೂ ಆವಿಯಾಗುತ್ತಿದೆ ಎಂದೇ ಅರ್ಥ. ಈ ಹದದಲ್ಲಿ ಮಡಕೆ ತನ್ನ ಭಾರ ತಾನು ಹೊರುತ್ತದೆ, ಕುಗ್ಗುವುದೂ ಸ್ವಲ್ಪ ಬಾಕಿ ಇರುತ್ತದೆ. ಲೇಪದ ಹೆಚ್ಚಿನ ನೀರನ್ನು ಮಡಕೆಯೇ ಹೀರಿಕೊಳ್ಳುತ್ತದೆ. ಎರಡು ಮಣ್ಣಿನ ಕಣಗಳು ಗಡಿಯಲ್ಲಿ ಬೆರೆತು, ಮುಂದೆ ಒಟ್ಟಿಗೇ ಕುಗ್ಗುತ್ತವೆ. ಲೇಪದ ಮೇಲೆ ಮೊಳೆಯಿಂದ ಗೀರಿ ಒಳಮಣ್ಣಿನ ಬಣ್ಣ ತೋರಿಸುವುದಿದ್ದರೂ, ಕೊರೆದ ಗೆರೆಗೆ ಬಿಳಿ ಮಣ್ಣು ತುಂಬಿ ಹೆರೆಯುವುದಿದ್ದರೂ ಇದೇ ಹೊತ್ತು. ಬೆಣಚುಕಲ್ಲಿನಿಂದ ಉಜ್ಜಿದರೆ ಹಾಳೆಯಂಥ ಕಣಗಳೆಲ್ಲ ಒಂದೇ ದಿಕ್ಕಿಗೆ ಮಲಗಿ ಮೈ ಹೊಳೆಯುತ್ತದೆ. ಕಷ್ಟ ಏನೆಂದರೆ, ದುರ್ಗದ ಒಣಗಾಳಿಗೆ ಈ ಹದ ಬೇಗ ದಾಟಿಹೋಗುತ್ತದೆ. ಗಾಳಿ ಬೀಸುವ ಬದಿ ಮೊದಲು ಒಣಗಿ, ಒಂದೇ ಮಡಕೆಯಲ್ಲಿ ಎರಡು ಹದ ಆಗುವುದೂ ಉಂಟು. ಒದ್ದೆ ಗೋಣಿಚೀಲ ಹೊದಿಸಿಡಬೇಕು.

ಲೇಪ ತೆಳುವಾಗಲಿ ಅಂತ ಸುಮ್ನೆ ನೀರು ಸುರಿಯುವುದು ಜಾಣತನವಲ್ಲ. ನೀರು ಜಾಸ್ತಿಯಾದಷ್ಟೂ ಕುಗ್ಗುವುದೂ ಜಾಸ್ತಿ. ಚಿಟಿಕೆ ವಾಷಿಂಗ್ ಸೋಡಾ ಹಾಕಿ ನೋಡಿ. ಸೋಡಿಯಂ ಸೇರಿದಾಗ ಅಂಟಿಕೊಂಡಿದ್ದ ಕಣಗಳು ಒಂದನ್ನೊಂದು ತಳ್ಳತೊಡಗುತ್ತವೆ. ಗಟ್ಟಿ ಲೇಪ ನೀರು ಸೇರಿಸದೆಯೇ ತೆಳ್ಳಗಾಗುತ್ತದೆ.

ಆವಿಗೆಯಲ್ಲಿ, ಅಂದರೆ ಮಡಕೆ ಸುಡುವ ಗೂಡಿನಲ್ಲಿ, ಬಣ್ಣವೂ ಬದಲಾಗುತ್ತದೆ. ಹಳದಿ ಮಣ್ಣಿನಲ್ಲಿರುವ ಕಬ್ಬಿಣದ ಖನಿಜ ಸುಮಾರು 300 ಡಿಗ್ರಿಯಲ್ಲಿ ತನ್ನೊಳಗಿನ ನೀರು ಕಳೆದುಕೊಂಡು ಕೆಂಪಾಗುತ್ತದೆ. ಗಾಳಿ ಸಿಗದೆ ಹೊಗೆ ತುಂಬಿದರೆ ಅದೇ ಮಣ್ಣು ಕಪ್ಪು. ಸುಮಾರು 600 ಡಿಗ್ರಿ ದಾಟಿದ ಮೇಲೆ ಜೇಡಿ ಮತ್ತೆ ನೀರಲ್ಲಿ ಕರಗುವ ಮಾತೇ ಇಲ್ಲ. ಹಾಗೆ ಒಮ್ಮೆ ಸುಟ್ಟ ಮಡಕೆ ಇನ್ನು ಒಣಗಿ ಕುಗ್ಗುವುದಿಲ್ಲ. ಅದರ ಮೇಲೆ ಬಳಿಯುವ ಲೇಪವೂ ಕುಗ್ಗದಂಥದ್ದೇ ಆಗಬೇಕು. ಅದಕ್ಕೆ ಹಸಿ ಜೇಡಿ ಕಡಿಮೆ ಮಾಡಿ, ಮೊದಲೇ ಸುಟ್ಟು ಪುಡಿ ಮಾಡಿದ ಜೇಡಿ ಬೆರೆಸುತ್ತಾರೆ. ಹಿಡಿದುಕೊಳ್ಳಲು ಸ್ವಲ್ಪ ಗಾಜಿನ ಪುಡಿಯನ್ನೂ ಸೇರಿಸುತ್ತಾರೆ.

ಗ್ಲೇಜ್ ಬರುವುದು ಇದೆಲ್ಲ ಆದ ಮೇಲೆ. ಅದು ಕರಗಿ ಹರಡುವ ಗಾಜು. ಕೆಳಗಿನ ಲೇಪವನ್ನೂ ಸ್ವಲ್ಪ ಕರಗಿಸಿಕೊಳ್ಳುತ್ತದೆ. ಬಿಳಿ ಲೇಪ ತೀರಾ ತೆಳುವಾಗಿದ್ದರೆ ಮಾಯ, ಕಬ್ಬಿಣ ಇರುವ ಲೇಪದ ಅಂಚು ಕದಡುತ್ತದೆ. ನಮ್ಮ ನೀರಿನ ಮಡಕೆಗೆ ಗ್ಲೇಜ್ ಬೇಡವೇ ಬೇಡ. ಗಾಜು ಹೊದ್ದರೆ ನೀರು ಜಿನುಗುವುದಿಲ್ಲ, ಜಿನುಗದಿದ್ದರೆ ತಣ್ಣಗಾಗುವುದಿಲ್ಲ.

ಮನೆಯಲ್ಲಿ ಮಾಡಿ ನೋಡುವವರು ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಮಡಕೆಯ ಮಣ್ಣಿನಲ್ಲಿ ಒಂದು ಪಟ್ಟಿ, ಲೇಪದ ಮಣ್ಣನ್ನು ಗಟ್ಟಿಯಾಗಿ ಕಲಸಿ ಇನ್ನೊಂದು ಪಟ್ಟಿ ಮಾಡಿ. ಎರಡರ ಮೇಲೂ 10 ಸೆಂಟಿಮೀಟರ್ ಗೆರೆ ಎಳೆದು ನೆರಳಲ್ಲಿ ಒಣಗಿಸಿ ಅಳೆಯಿರಿ. ಲೇಪದ ಗೆರೆ ತೀರಾ ಗಿಡ್ಡವಾಗಿದ್ದರೆ ಅದಕ್ಕೆ ಮಡಕೆಯ ಮಣ್ಣನ್ನೇ ಸೋಸಿ ಸ್ವಲ್ಪ ಬೆರೆಸಿ, ಮತ್ತೊಂದು ಪಟ್ಟಿ ಮಾಡಿ.